ಈಮ್ ಊರಿನ ಪ್ಲೇಗ್, 1665-66: ಇದು ತ್ಯಾಗವಾ, ಬೇರೆ ದಾರಿಯೇ ಇರಲಿಲ್ಲವಾ?

ಪೀಕ್_ಪಯಣಿಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಶೆಫೀಲ್ಡ್‌ನಲ್ಲಿ. ಇಲ್ಲಿಂದ ಬೆಟ್ಟ ದಾಟಿ ಡರ್ಬಿಶೈರ್ ಕಡೆ ಇಳಿದರೆ ಈಮ್ ಅನ್ನುವ ಹಳ್ಳಿ ಸಿಗುತ್ತದೆ. ಸಾವಿರದ ಆಸುಪಾಸು ಜನ, ಒಂದು ಹಳೇ ಚರ್ಚು, ಒಂದು ಉದ್ದ ಬೀದಿ. ಶಾಲೆ ಮಕ್ಕಳು ಬಸ್ಸು ಬಸ್ಸೇ ಬಂದು ನೋಡಿಕೊಂಡು ಹೋಗುತ್ತಾರೆ.

ಗೊತ್ತಿಲ್ಲದವರಿಗೆ ಕತೆ ಚುಟುಕಾಗಿ ಹೇಳುತ್ತೇನೆ. 1665ರಲ್ಲಿ ಲಂಡನ್‌ನಲ್ಲಿ ಪ್ಲೇಗ್. ಈಮ್‌ನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಮನೆಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ತೇವ ಆಗಿತ್ತು ಅಂತ ಕೆಲಸದವನು ಜಾರ್ಜ್ ವಿಕರ್ಸ್ ಬಿಚ್ಚಿ ಬೆಂಕಿ ಮುಂದೆ ಒಣಹಾಕಿದ. ಸೆಪ್ಟೆಂಬರ್ ಮೊದಲ ವಾರದಲ್ಲೇ ಸತ್ತ. ಆಮೇಲೆ ಅಕ್ಕಪಕ್ಕದ ಮನೆಗಳು. ಮುಂದಿನ ವರ್ಷ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮಾತು ಕೇಳಿ ಊರವರು ಗಡಿ ಹಾಕಿಕೊಂಡು ಒಳಗೇ ಉಳಿದರು. ರೋಗ ಪಕ್ಕದ ಊರುಗಳಿಗೆ ಹೋಗಲಿಲ್ಲ. ಇಲ್ಲಿ ಮಾತ್ರ 260 ಜನ ಹೋದರು.

ನನ್ನ ಪ್ರಶ್ನೆ ಇಷ್ಟೇ. ಎಲ್ಲರೂ ಇದನ್ನು "ಇಡೀ ಊರು ತಾನಾಗಿ ಮಾಡಿದ ತ್ಯಾಗ" ಅನ್ನುತ್ತಾರೆ. ನನಗೆ ಅನುಮಾನ. ಇಡೀ ಊರು ಒಂದೇ ಮನಸ್ಸಿನಿಂದ ಸಾಯಲು ಒಪ್ಪುತ್ತದಾ? ಓದಿಕೊಂಡವರು ಹೇಳಿ.

ಬರೀ_ಓದುಗ
ನಮ್ಮ ಅಪಾರ್ಟ್‌ಮೆಂಟಲ್ಲಿ ನೀರಿನ ಬಿಲ್ಲಿಗೇ ಒಂದೇ ಮನಸ್ಸು ಇಲ್ಲ.

ಹಳೇಕಡತ
ಒಳ್ಳೇ ಪ್ರಶ್ನೆ. ಮೊದಲು ಒಂದು ವಿಷಯ. ಈ ಕತೆಯ ಬಹುಪಾಲು ವಿವರ ನಮಗೆ ಬಂದಿರುವುದು ಆ ಕಾಲದ ಕಾಗದಗಳಿಂದ ಅಲ್ಲ. ಆ ಕಾಲದ್ದು ಅಂತ ಕೈಗೆ ಸಿಗುವುದು ಮುಖ್ಯವಾಗಿ ಮಾಂಪೆಸನ್ ಬರೆದ ಕೆಲವು ಪತ್ರ. ಪ್ಯಾರಿಷ್ ರಿಜಿಸ್ಟರ್, ಅಂದರೆ ಊರ ಚರ್ಚಿನವರು ಹುಟ್ಟು ಸಾವು ಬರೆದಿಡುವ ಪುಸ್ತಕ, ಇದೆ. ಆದರೆ ಈಗ ಉಳಿದಿರುವುದು 1705ರ ಸುಮಾರಿಗೆ ಮಾಡಿದ ನಕಲು. ಉಳಿದದ್ದೆಲ್ಲ ಊರವರ ಬಾಯಲ್ಲಿ ಇದ್ದದ್ದು, 1842ರಲ್ಲಿ ವಿಲಿಯಂ ವುಡ್ ಅನ್ನುವ ಅದೇ ಊರಿನವರು ಪುಸ್ತಕ ಮಾಡಿದರು. ಅಂದರೆ 170 ವರ್ಷ ದಾಟಿದ ಮೇಲೆ. ಪ್ಯಾಟ್ರಿಕ್ ವಾಲಿಸ್ ಅನ್ನುವ ಇತಿಹಾಸಕಾರರು 2006ರಲ್ಲಿ ಇದನ್ನೇ ಹಿಡಿದು ಬರೆದರು. ವೀರರ ಊರು ಅನ್ನುವ ಚಿತ್ರ ಬಹುಮಟ್ಟಿಗೆ ಆಮೇಲಿನ ಕಾಲದವರು ಕಟ್ಟಿದ್ದು ಅಂತ ಅವರ ವಾದ.

ಸತ್ತದ್ದು ಸುಳ್ಳಲ್ಲ. 1666ರ ನವೆಂಬರ್ 20ರ ಪತ್ರದಲ್ಲಿ ಮಾಂಪೆಸನ್ ಲೆಕ್ಕ ಕೊಟ್ಟಿದ್ದಾರೆ. 76 ಮನೆಗಳಿಗೆ ರೋಗ, 259 ಸಾವು.

ಸಂಪಿಗೆರಸ್ತೆ
ಅಯ್ಯೋ, ಬಾಯಿಮಾತು ಅಂದ ಕೂಡಲೇ ಸುಳ್ಳು ಅನ್ನಬೇಡಿ ಸರ್. ನಮ್ಮಲ್ಲಿ ಅರ್ಧ ಇತಿಹಾಸ ಅಜ್ಜಿಯರ ಬಾಯಲ್ಲೇ ಇತ್ತು.

ಹಳೇಕಡತ
ಸುಳ್ಳು ಅಂದಿಲ್ಲ ಮೇಡಂ. ಯಾವುದು ಪತ್ರ, ಯಾವುದು ಅಜ್ಜಿ ಅಂತ ಬೇರೆ ಬೇರೆ ಇಟ್ಟುಕೊಳ್ಳಿ ಅಂದೆ ಅಷ್ಟೇ.

ಗುಳಿಗೆ_ಡಾಕ್ಟ್ರು
350 ಜನರಲ್ಲಿ 260 ಸತ್ತರು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನೂರಕ್ಕೆ 74 ಆಯಿತು. ಬ್ಯೂಬಾನಿಕ್ ಪ್ಲೇಗಿಗೂ ಇದು ವಿಪರೀತ ಜಾಸ್ತಿ, ಯಾಕೆಂದರೆ ಊರಲ್ಲಿ ಎಲ್ಲರಿಗೂ ರೋಗ ತಗಲುವುದಿಲ್ಲ. ಒಲೆ ತೆರಿಗೆಯ (ಮನೆಯಲ್ಲಿ ಎಷ್ಟು ಒಲೆ ಅಂತ ನೋಡಿ ಹಾಕುತ್ತಿದ್ದ ಆ ಕಾಲದ ತೆರಿಗೆ) ಪಟ್ಟಿ ಹಿಡಿದು ಲೆಕ್ಕ ಹಾಕಿದವರು ಊರಿನ ಜನಸಂಖ್ಯೆ 700ರ ಹತ್ತಿರ ಇತ್ತು ಅನ್ನುತ್ತಾರೆ. ಹಾಗಾದರೆ ನೂರಕ್ಕೆ 37. ಅದೂ ಭಯಂಕರವೇ, ಆದರೆ ನಂಬುವ ಹಾಗಿದೆ.

2016ರಲ್ಲಿ ಬಂದ ಒಂದು ಅಧ್ಯಯನ ಇನ್ನೂ ಕುತೂಹಲದ್ದು. ಯಾರು ಯಾವತ್ತು ಸತ್ತರು, ಯಾವ ಮನೆಯವರು ಅಂತ ರಿಜಿಸ್ಟರಿನಿಂದ ತೆಗೆದು ಲೆಕ್ಕ ಮಾಡಿದರು. ಸೋಂಕಿನಲ್ಲಿ ಸುಮಾರು ಕಾಲು ಭಾಗ ಮಾತ್ರ ಇಲಿಯ ಕಡೆಯಿಂದ, ಮುಕ್ಕಾಲು ಪಾಲು ಮನುಷ್ಯರಿಂದ ಮನುಷ್ಯರಿಗೆ ಅಂತ ಬಂತು. ಮೈಮೇಲಿನ ಚಿಗಟ, ಹೇನು ಅಥವಾ ಉಸಿರು. ಒಂದೇ ಮನೆಯೊಳಗೆ ಹರಡಿದ್ದು ತುಂಬ. ಬಡವರ ಮನೆಗಳಿಗೆ ಜಾಸ್ತಿ ಹೊಡೆತ.

ಕಾಫಿಬೀಜ
ಹೇನು ಅಂದರೆ ತಲೆ ಹೇನಾ ಡಾಕ್ಟ್ರೇ? ಓದುತ್ತಲೇ ತಲೆ ಕೆರೆಯೋಕೆ ಶುರುವಾಯ್ತು.

ಗುಳಿಗೆ_ಡಾಕ್ಟ್ರು
ಬಟ್ಟೆಯಲ್ಲಿ ಇರುವ ಹೇನು. ನೀವು ಆರಾಮಾಗಿ ಕಾಫಿ ಕುಡೀರಿ.

ಉಣಕಲ್_ಕೆರೆ
ನಮ್ಮ ಕಡೆ ಇದಕ್ಕೆ ಪೂರಾ ಉಲ್ಟಾ ಮಾಡುತ್ತಿದ್ದರು. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ರೈಲು ಹಳಿ ಹಿಡಿದು ಹುಬ್ಬಳ್ಳಿಗೆ ಬಂತು, ಅಲ್ಲಿಂದ 1898ರಲ್ಲಿ ಬೆಂಗಳೂರಿಗೆ. ನಮ್ಮ ಮುತ್ತಜ್ಜಿ ಕಾಲದ ಮಾತು ಮನೆಯಲ್ಲಿ ಇನ್ನೂ ಇದೆ. ಸೂರಿನಿಂದ ಇಲಿ ಸತ್ತು ಬಿದ್ದರೆ ಮುಗಿಯಿತು, ಊರು ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಿಕೊಂಡು, ದನಕರು ಕಟ್ಟಿಕೊಂಡು, ಕಾಳುಕಡಿ ಅಲ್ಲೇ ಇಟ್ಟುಕೊಂಡು ತಿಂಗಳುಗಟ್ಟಲೆ ಇರುವುದು. ಊರೊಳಗೆ ನಾಯಿ ಬಿಟ್ಟರೆ ಯಾರೂ ಇಲ್ಲ.

ಈಮ್‌ನವರು ಊರಲ್ಲೇ ಉಳಿದರು, ನಮ್ಮವರು ಊರು ಬಿಟ್ಟರು. ಬದುಕಿದವರು ಯಾರು ಜಾಸ್ತಿ? ನನ್ನ ಕೇಳಿದರೆ ನಮ್ಮವರೇ ಜಾಣರು.

ಪೀಕ್_ಪಯಣಿಗ
ಕಾಕಾ, ನಮ್ಮವರಿಗೆ 230 ವರ್ಷದ ಅನುಕೂಲ ಇತ್ತಲ್ವಾ! 1894ರಲ್ಲೇ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ರೋಗಾಣು ಕಂಡುಹಿಡಿದಿದ್ದರು.

ಉಣಕಲ್_ಕೆರೆ
ನಮ್ಮ ಮುತ್ತಜ್ಜಿಗೆ ಯೆರ್ಸಿನ್ ಪತ್ರ ಬರೆದಿದ್ದನಾ? ಇಲಿ ಬಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಎದ್ದು ನಡೆದರು.

ಗುಳಿಗೆ_ಡಾಕ್ಟ್ರು
ಕಾಕಾ ಹೇಳಿದ್ದರಲ್ಲಿ ಹುರುಳಿದೆ. ಚಿಗಟದ ಪಾತ್ರವನ್ನು ಸೀಮಾಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ, ಅದನ್ನು ವೈದ್ಯರು ಒಪ್ಪಿಕೊಳ್ಳಲು ಇನ್ನೂ ವರ್ಷಗಳು ಹಿಡಿದವು. ಅಷ್ಟರೊಳಗೆ ಜನ ಮನೆ ಬಿಡಲು ಕಲಿತಾಗಿತ್ತು. ಇಲಿಯ ರೋಗಕ್ಕೆ ಮನೆ ಬಿಡುವುದೇ ಸರಿ. ಅತ್ತ ಈಮ್‌ನವರು ಮಾಡಿದ್ದರಲ್ಲಿ ಅರ್ಧ ಸರಿ, ಅರ್ಧ ಆಪತ್ತು. ಹೊರಗೆ ಹೋಗದೆ ಇದ್ದದ್ದರಿಂದ ಪಕ್ಕದ ಊರುಗಳು ಉಳಿದಿರಬಹುದು. ಅದೇ ಮನೆ, ಅದೇ ಹಾಸಿಗೆಯಲ್ಲಿ ಉಳಿದದ್ದರಿಂದ ಅವರು ಸತ್ತರು.

ಆದರೆ ಒಂದು ಒಳ್ಳೆ ಕೆಲಸ ಮಾಡಿದರು. ಚರ್ಚಿಗೆ ಬೀಗ ಹಾಕಿ, ಕಕ್ಲೆಟ್ ಡೆಲ್ಫ್ ಅನ್ನುವ ಬಯಲು ಕಣಿವೆಯಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ಕೆಲವರು ಆ ಕಡೆಯೇ ಗುಡಿಸಲು ಹಾಕಿಕೊಂಡಿದ್ದರು ಅನ್ನುವ ಮಾತೂ ಇದೆ.

ಉಣಕಲ್_ಕೆರೆ
ನೋಡಿ, ಅಲ್ಲೂ ನಮ್ಮ ಮುತ್ತಜ್ಜಿಯಂಥವರು ಒಬ್ಬರಿದ್ದರು.

ಹಳೇಕಡತ
ಪಯಣಿಗರೇ, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ತ್ಯಾಗ ಅನ್ನುವ ಮೊದಲು ಆ ಕಾಲದ ಪ್ಯಾರಿಷ್ ಹೇಗಿತ್ತು ನೋಡಬೇಕು. ಇದು ಬರೀ ಚರ್ಚಿನ ಸರಹದ್ದು ಅಲ್ಲ. 1538ರಿಂದ ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದದ್ದು ಪ್ಯಾರಿಷ್. 1601ರ ಕಾನೂನಿನ ಪ್ರಕಾರ ಬಡವರಿಗೆ ಕಾಳುಕಾಸು ಕೊಡಬೇಕಾದದ್ದೂ ಪ್ಯಾರಿಷ್. ಅದಕ್ಕೆ ಊರಿನ ಉಳ್ಳವರಿಂದ ತೆರಿಗೆ ಎತ್ತುತ್ತಿದ್ದರು. 1662ರಲ್ಲಿ ಇನ್ನೊಂದು ಕಾನೂನು ಬಂತು. ಬೇರೆ ಪ್ಯಾರಿಷ್‌ಗೆ ಹೋದ ಬಡವನನ್ನು, ಇವನು ನಮಗೆ ಹೊರೆಯಾಗುತ್ತಾನೆ ಅನ್ನಿಸಿದರೆ, ಅವನ ಊರಿಗೇ ವಾಪಸ್ ಕಳಿಸಬಹುದು.

ಈಗ ಹೇಳಿ. ಈಮ್‌ನ ಸೀಸದ ಗಣಿ ಕೂಲಿಯವನೊಬ್ಬ ಹೆಂಡತಿ ಮಕ್ಕಳ ಜೊತೆ 1666ರಲ್ಲಿ ಎಲ್ಲಿಗೆ ಹೋಗಬೇಕು? ಪಕ್ಕದ ಊರಲ್ಲಿ ಪ್ಲೇಗ್ ಇಲ್ಲದಿದ್ದರೂ ಅವನನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಶೆಫೀಲ್ಡ್‌ನ ಕಾನ್‌ಸ್ಟೇಬಲ್‌ಗಳ ಆ ವರ್ಷದ ಖರ್ಚಿನ ಪುಸ್ತಕದಲ್ಲಿ, ಈಮ್‌ನಲ್ಲಿ ಪ್ಲೇಗ್ ಇದ್ದಾಗ ಫುಲ್‌ವುಡ್ ಕಡೆಯ ಬುಗ್ಗೆಗೆ ಜನ ಬರದಂತೆ ಕಾವಲು ಹಾಕಿದ್ದಕ್ಕೆ ಹಣ ಬರೆದಿದೆ. ಕಾವಲು ಒಳಗಿನಿಂದ ಮಾತ್ರ ಅಲ್ಲ, ಹೊರಗಿನಿಂದಲೂ ಇತ್ತು.

ಪೀಕ್_ಪಯಣಿಗ
ಇದು ಬೇಕಿತ್ತು ನನಗೆ! ಟೈಡ್ಸ್‌ವೆಲ್ ಸಂತೆಗೆ ಹೋದ ಈಮ್ ಹೆಂಗಸಿನ ಕತೆಯೂ ಕೇಳಿದ್ದೆ. ಯಾರೋ ಗುರುತು ಹಿಡಿದು ಕೂಗಿದರಂತೆ, ಜನ ಕೈಗೆ ಸಿಕ್ಕಿದ್ದನ್ನು ಎಸೆದು ಓಡಿಸಿದರಂತೆ.

ಹಳೇಕಡತ
ಅದು ಅಜ್ಜಿ ಖಾತೆಯದು. ಆದರೆ ನಂಬಬಹುದು.

ಸಂಪಿಗೆರಸ್ತೆ
ಉಳ್ಳವರು ಏನು ಮಾಡಿದರು?

ಹಳೇಕಡತ
ಓಡಿದರು. ಬ್ರಾಡ್‌ಷಾ ಅನ್ನುವ ದೊಡ್ಡ ಮನೆಯವರು ಮೊದಲೇ ಜಾಗ ಖಾಲಿ ಮಾಡಿದರು ಅಂತ ಊರಲ್ಲಿ ಹೇಳುತ್ತಾರೆ.

ಬರೀ_ಓದುಗ
ಲಾಕ್‌ಡೌನ್‌ನಲ್ಲಿ ಫಾರ್ಮ್‌ಹೌಸ್‌ಗೆ ಹೋದವರ ಪೂರ್ವಜರು.

ನಾಟಿಂಗ್‌ಹ್ಯಾಂ_ನಾಣಿ
ಪಾದ್ರಿ ವಿಷಯಕ್ಕೆ ಬನ್ನಿ. ಮಾಂಪೆಸನ್ ತನ್ನ ಇಬ್ಬರು ಮಕ್ಕಳು ಜಾರ್ಜ್, ಎಲಿಜಬೆತ್ ಅವರನ್ನು ಗಡಿ ಹಾಕುವ ಮೊದಲೇ ಯಾರ್ಕ್‌ಶೈರ್‌ಗೆ ಕಳಿಸಿದ್ದ. ಆಮೇಲೆ ಊರವರಿಗೆ ನೀವು ನಿಮ್ಮ ಮಕ್ಕಳ ಜೊತೆ ಇಲ್ಲೇ ಇರಿ ಅಂದ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನನಗಂತೂ ಆತನ ಮೇಲೆ ಸಿಟ್ಟಿದೆ.

ಸಂಪಿಗೆರಸ್ತೆ
ನಾಣಿ, ನೀನು ಇದ್ದಿದ್ದರೆ ಮಕ್ಕಳನ್ನು ಇಟ್ಟುಕೊಳ್ಳುತ್ತಿದ್ದೆಯಾ? ಆತ ಹೆಂಡತಿ ಕ್ಯಾಥರೀನ್‌ಗೂ ಹೋಗು ಅಂದಿದ್ದ. ಆಕೆ ಹೋಗಲಿಲ್ಲ. ರೋಗಿಗಳ ಮನೆಗೆ ಗಂಡನ ಜೊತೆ ಹೋಗುತ್ತಿದ್ದಳು, 1666ರ ಆಗಸ್ಟ್ 25ಕ್ಕೆ ತೀರಿಕೊಂಡಳು. ಚರ್ಚ್ ಅಂಗಳದಲ್ಲಿ ಅವಳ ಸಮಾಧಿ ಇದೆ. ಅಂಗಳದಲ್ಲಿ ಹೂಳಬಾರದು ಅಂತ ಗಂಡನೇ ನಿಯಮ ಮಾಡಿದ್ದ ಕಾಲದಲ್ಲಿ ಅವಳಿಗೆ ಅಲ್ಲಿ ಜಾಗ ಸಿಕ್ಕಿತು. ಸಿಟ್ಟು ಮಾಡುವುದಿದ್ದರೆ ಅದಕ್ಕೆ ಮಾಡು.

ನಾಟಿಂಗ್‌ಹ್ಯಾಂ_ನಾಣಿ
ಅಕ್ಕಾ, ನೀವು ನನಗಿಂತ ಜಾಸ್ತಿ ಬೈತಿದ್ದೀರಿ ಆತನನ್ನು.

ಪೀಕ್_ಪಯಣಿಗ
ಹೂಳುವ ವಿಷಯ ಬಂತಲ್ಲ. ಊರ ಹೊರಗೆ ಇಳಿಜಾರಿನಲ್ಲಿ ರೈಲೀ ಗ್ರೇವ್ಸ್ ಅಂತ ಇದೆ. ದುಂಡನೆ ಕಲ್ಲಿನ ಗೋಡೆ, ಒಳಗೆ ಹಾನ್‌ಕಾಕ್ ಮನೆತನದ ಕಲ್ಲುಗಳು. ಎಲಿಜಬೆತ್ ಹಾನ್‌ಕಾಕ್ ಎಂಬಾಕೆ ಆಗಸ್ಟ್ 1666ರಲ್ಲಿ ಎಂಟು ದಿನದಲ್ಲಿ ಗಂಡ ಮತ್ತು ಆರು ಮಕ್ಕಳನ್ನು ಕಳೆದುಕೊಂಡಳು. ಒಬ್ಬೊಬ್ಬರನ್ನೂ ತಾನೇ ಎಳೆದುಕೊಂಡು ಹೋಗಿ ಹೊಲದಲ್ಲಿ ಗುಂಡಿ ತೋಡಿ ಹೂತಳು. ಮುಟ್ಟಬಾರದು ಅಂತ ಕಾಲಿಗೆ ಬಟ್ಟೆ ಕಟ್ಟಿ ಎಳೆದಳಂತೆ. ಪಕ್ಕದ ಸ್ಟೋನಿ ಮಿಡಲ್ಟನ್‌ನವರು ಗುಡ್ಡದ ಮೇಲಿಂದ ನೋಡುತ್ತಿದ್ದರು, ಹತ್ತಿರ ಯಾರೂ ಬರಲಿಲ್ಲ ಅಂತ ಕತೆ. ಈಗ ಆ ಜಾಗ ಹಳೇ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಕುರಿ ಮೇಯುವ ಹೊಲದ ನಡುವೆ ಇದೆ, ಗಾಳಿ ವಿಪರೀತ.

ಆ ಆಗಸ್ಟ್ ಒಂದೇ ತಿಂಗಳಲ್ಲಿ 70ಕ್ಕೂ ಹೆಚ್ಚು ಸಾವು.

ಕಾಫಿಬೀಜ
ಮನೆಯಲ್ಲಿ ಹೂಳುವವರೇ ಉಳಿದಿಲ್ಲದಿದ್ದರೆ?

ಪೀಕ್_ಪಯಣಿಗ
ಮಾರ್ಷಲ್ ಹೋ ಅಂತ ಒಬ್ಬ ಗಟ್ಟಿ ಆಳು ಇದ್ದ. ಮೊದಲೇ ರೋಗ ಬಂದು ವಾಸಿಯಾಗಿತ್ತು, ಇನ್ನು ತನಗೆ ಬರುವುದಿಲ್ಲ ಅನ್ನುವ ಧೈರ್ಯ. ಹೆಣ ಹೂಳಿ ಕೊಡುತ್ತಿದ್ದ, ಕೂಲಿಗೆ ಸತ್ತವರ ಮನೆಯ ಸಾಮಾನು ತೆಗೆದುಕೊಳ್ಳುತ್ತಿದ್ದ. ಕೊನೆಗೆ ಅವನ ಹೆಂಡತಿ, ಮಗ ಇಬ್ಬರೂ ಸತ್ತರು. ಬಹಳ ಕಾಲ ಮಕ್ಕಳನ್ನು ಹೆದರಿಸಲು ಇವನ ಹೆಸರು ಹೇಳುತ್ತಿದ್ದರಂತೆ.

ಸಂಪಿಗೆರಸ್ತೆ
ಅವರ ಕಡೆಯ ಗುಮ್ಮ.

ಹಳೇಕಡತ
ನಾಣಿಯವರ ಸಿಟ್ಟಿಗೆ ಇನ್ನೊಂದು ಕೊಳ್ಳಿ. ಮಾಂಪೆಸನ್ ಊರಿಗೆ ಹೊಸಬ. 1664ರಲ್ಲಿ ಬಂದವನು, ಪ್ಲೇಗ್ ಹೊತ್ತಿಗೆ ಇನ್ನೂ ಮೂವತ್ತು ಆಗಿರಲಿಲ್ಲ. ಜನಕ್ಕೆ ಅವನು ಅಷ್ಟಕ್ಕಷ್ಟೇ. ಅವರಿಗೆ ಬೇಕಾಗಿದ್ದದ್ದು ಹಳೇ ಪಾದ್ರಿ ಥಾಮಸ್ ಸ್ಟ್ಯಾನ್ಲಿ, ರಾಜ ಇಲ್ಲದೆ ಕ್ರಾಮ್‌ವೆಲ್ ಆಳಿದ ಕಾಲದ ಪ್ಯೂರಿಟನ್, ಅಂದರೆ ಚರ್ಚಿನ ಆಡಂಬರ ಬೇಡ ಅನ್ನುವ ಪಂಥದವನು. ರಾಜ ವಾಪಸ್ ಬಂದ ಮೇಲೆ 1662ರ ಹೊಸ ಪ್ರಾರ್ಥನಾ ಕ್ರಮಕ್ಕೆ ಒಪ್ಪದೆ ಸ್ಟ್ಯಾನ್ಲಿ ಕೆಲಸ ಕಳೆದುಕೊಂಡಿದ್ದ. ಅಂಥ ಪಾದ್ರಿಗಳು ತಮ್ಮ ಹಳೇ ಪ್ಯಾರಿಷ್‌ನ ಐದು ಮೈಲಿ ಒಳಗೆ ಇರಬಾರದು ಅಂತಲೂ 1665ರಲ್ಲಿ ಕಾನೂನು ಬಂತು. ಆದರೂ ಆತ ಈಮ್‌ನಲ್ಲೇ ಇದ್ದ. ಒಬ್ಬ ಸರ್ಕಾರದ ಪಾದ್ರಿ, ಒಬ್ಬ ಸರ್ಕಾರ ಓಡಿಸಿದ ಪಾದ್ರಿ. ಇಬ್ಬರೂ ಸೇರಿ ಜನರ ಮುಂದೆ ನಿಂತರು. ಜನ ಕೇಳಿದ್ದು ಬಹುಶಃ ಸ್ಟ್ಯಾನ್ಲಿ ಮುಖ ನೋಡಿ. ನನ್ನ ಪ್ರಕಾರ ಇಡೀ ಕತೆಯಲ್ಲಿ ದೊಡ್ಡ ಸಂಗತಿ ಇದೇ, ಆದರೆ ಹೆಸರು ಹೋದದ್ದು ಮಾಂಪೆಸನ್‌ಗೆ.

ಊಟದ ಏರ್ಪಾಟೂ ಇತ್ತು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಅರ್ಲ್ (ಅರ್ಲ್ ಅಂದರೆ ಶ್ರೀಮಂತರ ಒಂದು ಬಿರುದು) ದವಸ, ಔಷಧಿ ಕಳಿಸಲು ಒಪ್ಪಿದ. ಒಳಗೇ ಇದ್ದರೆ ಊಟ ಬರುತ್ತದೆ, ಹೊರಗೆ ಹೋದರೆ ಕಲ್ಲು ಬೀಳುತ್ತದೆ.

ಉಣಕಲ್_ಕೆರೆ
ಹಾಗಾದರೆ ತ್ಯಾಗ ಅಲ್ಲ ಅಂತಾಯ್ತು.

ಸಂಪಿಗೆರಸ್ತೆ
ಯಾಕೆ ಅಲ್ಲ? ರಾತ್ರಿ ಹೊತ್ತು ಗುಡ್ಡ ಹತ್ತಿ ಓಡಿಹೋಗಲು ಯಾರಿಗೂ ಆಗುತ್ತಿರಲಿಲ್ಲವಾ? ಸುತ್ತ ಪೊಲೀಸರು ಇರಲಿಲ್ಲ, ಗೋಡೆ ಇರಲಿಲ್ಲ. ಕಾನೂನು, ಬಡತನ ಎಲ್ಲಾ ಸರಿ. ಆದರೆ ಮಗು ಪಕ್ಕದಲ್ಲಿ ಕೆಮ್ಮುತ್ತಿರುವಾಗ ಯಾರೂ 1662ರ ಕಾನೂನು ನೆನೆಸಿಕೊಂಡು ಕೂರುವುದಿಲ್ಲ. ಅಷ್ಟು ತಿಂಗಳು ಬಹುಪಾಲು ಜನ ಕೂತರು ಅಂದರೆ ಏನೋ ಒಪ್ಪಂದ ಇದ್ದೇ ಇತ್ತು. ಬಡವರು ಮಾಡಿದ ಕೂಡಲೇ "ಬೇರೆ ದಾರಿ ಇರಲಿಲ್ಲ" ಅನ್ನುವುದು, ಉಳ್ಳವರು ಮಾಡಿದರೆ "ತ್ಯಾಗ" ಅನ್ನುವುದು, ಇದು ಯಾವ ನ್ಯಾಯ?

ಬರೀ_ಓದುಗ
ಈ ಪೋಸ್ಟಿಗೆ ಎರಡು ಲೈಕ್ ಒತ್ತಲು ಆಗುತ್ತಿಲ್ಲ.

ಹಳೇಕಡತ
ಒಪ್ಪುತ್ತೇನೆ ಮೇಡಂ, ಅರ್ಧ. ಓಡಿಹೋದವರ ಹೆಸರು ಸಾವಿನ ಪಟ್ಟಿಯಲ್ಲಿ ಇರುವುದಿಲ್ಲ, ಅದನ್ನು ಮರೆಯಬೇಡಿ.

ಸಂಪಿಗೆರಸ್ತೆ
ಸಾಯದೆ ಒಳಗೇ ಉಳಿದವರ ಹೆಸರೂ ಇರುವುದಿಲ್ಲ ಸರ್. ಆ ಪಟ್ಟಿ ನಿಮ್ಮ ಕಡೆಗೂ ಸಾಕ್ಷಿ ಹೇಳುವುದಿಲ್ಲ.

ಗುಳಿಗೆ_ಡಾಕ್ಟ್ರು
ನಡುವೆ ನುಗ್ಗುತ್ತಿದ್ದೇನೆ. 1665ರ ಕೊನೆಗೆ 42 ಸಾವು ಆಗಿತ್ತು. ಚಳಿಗಾಲ, ವಸಂತದಲ್ಲಿ ತಣ್ಣಗಾಯಿತು. ಮುಗಿಯಿತು ಅಂತ ಜನ ಅಂದುಕೊಂಡಿರಬೇಕು. ಮತ್ತೆ ಬೇಸಿಗೆಗೆ ಏರಿದಾಗ ಜೂನ್‌ನಲ್ಲಿ ಗಡಿ. ಅಂದರೆ ಮೊದಲ ಒಂಬತ್ತು ತಿಂಗಳು ಗಡಿಯೇ ಇರಲಿಲ್ಲ, ಓಡುವವರು ಆಗಲೇ ಓಡಿರಬಹುದು. ಜೂನ್‌ಗೆ ಉಳಿದಿದ್ದವರು ಹೋಗಲಾರದವರು ಮತ್ತು ಹೋಗಲೊಲ್ಲದವರು, ಇಬ್ಬರೂ ಕಲಸಿಕೊಂಡಿದ್ದರು. ಕೊನೆಯ ಸಾವು ನವೆಂಬರ್ 1ಕ್ಕೆ, ಏಬ್ರಹಾಂ ಮಾರ್ಟನ್.

ಕಾಫಿಬೀಜ
ಪ್ರೇಮಕತೆ ಒಂದಿದೆ ಅಂತ ಕೇಳಿದ್ದೆ, ಅದನ್ನು ಯಾರೂ ಹೇಳಲಿಲ್ಲ.

ಪೀಕ್_ಪಯಣಿಗ
ಎಮಟ್ ಸಿಡಾಲ್, ಈಮ್ ಹುಡುಗಿ. ರೋಲಂಡ್ ಟೋರ್, ಸ್ಟೋನಿ ಮಿಡಲ್ಟನ್ ಹುಡುಗ. ದೂರದಿಂದಲೇ ನೋಡಿಕೊಳ್ಳುತ್ತಿದ್ದರು, ಮಾತಿಲ್ಲ. 1666ರ ಏಪ್ರಿಲ್ ಕೊನೆಯಲ್ಲಿ ಅವಳು ಬರುವುದು ನಿಂತಿತು. ರೋಗ ಮುಗಿದ ಮೇಲೆ ಊರೊಳಗೆ ಮೊದಲು ಕಾಲಿಟ್ಟವರಲ್ಲಿ ಅವನೂ ಒಬ್ಬ.

ನಾಟಿಂಗ್‌ಹ್ಯಾಂ_ನಾಣಿ
ಏಪ್ರಿಲ್‌ನಲ್ಲಿ ಗಡಿಯೇ ಇರಲಿಲ್ಲ ಅಂತ ಡಾಕ್ಟ್ರು ಈಗಷ್ಟೇ ಹೇಳಿದರು. ಮತ್ತೆ ದೂರದಿಂದ ಯಾಕೆ ನೋಡಬೇಕು?

ಕಾಫಿಬೀಜ
ಮಾರಾಯ, ಪ್ರೇಮಕತೆಗೂ ಆಡಿಟ್ ಮಾಡಬೇಡ. ಅವರಿಬ್ಬರಿಗೆ ಪಾದ್ರಿ ಹೇಳುವ ಮೊದಲೇ ಬುದ್ಧಿ ಇತ್ತು ಅಂದುಕೋ.

ಹಳೇಕಡತ
ರಿಜಿಸ್ಟರ್ ನಕಲು ಮಾಡಿದ ಕಾಲದ ಪಾದ್ರಿ ಜೋಸೆಫ್ ಹಂಟ್ ಬಗ್ಗೆ ಊರಲ್ಲಿ ಒಂದು ಚೋದ್ಯ ಹೇಳುತ್ತಾರೆ. ಹೆಂಡದಂಗಡಿ ಮನೆಯ ಮಗುವಿಗೆ ದೀಕ್ಷೆ ಕೊಡಲು ಹೋದವನು ಕುಡಿದು, ತಮಾಷೆಗೆ ಅಂತ ಅಂಗಡಿಯವನ ಮಗಳ ಜೊತೆ ಮದುವೆ ಶಾಸ್ತ್ರ ಪೂರ್ತಿ ಓದಿಬಿಟ್ಟ. ಬಿಷಪ್‌ಗೆ ಗೊತ್ತಾಗಿ, ತಮಾಷೆಯೆಲ್ಲ ಬೇಡ, ನಿಜವಾಗಿ ಕಟ್ಟಿಕೋ ಅಂದರಂತೆ. ಮೊದಲೇ ನಿಶ್ಚಯವಾಗಿದ್ದ ಹುಡುಗಿ ಕೇಸು ಹಾಕಿದಳು. ಹಿಡಿಯಲು ಬಂದವರಿಂದ ತಪ್ಪಿಸಿಕೊಳ್ಳಲು ಚರ್ಚಿನ ಪಕ್ಕದ ಕೋಣೆಯಲ್ಲೇ ಸಂಸಾರ ಹೂಡಿದ.

ಬರೀ_ಓದುಗ
ಇಂಥವನ ಕಾಲದ ನಕಲು ನಂಬಿ ನೀವು ನೂರಕ್ಕೆ 37 ಅನ್ನುತ್ತಿದ್ದೀರಿ.

ಸಂಪಿಗೆರಸ್ತೆ
ನಾನೂ ಸ್ವಲ್ಪ ದಾರಿ ತಪ್ಪುತ್ತೇನೆ. ಬೆಂಗಳೂರಿನಲ್ಲಿ 1898ರ ಪ್ಲೇಗ್ ಆದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬೆಳೆಸಿದ್ದು ಮಲ್ಲೇಶ್ವರ, ಬಸವನಗುಡಿ. ಅಗಲ ರಸ್ತೆ, ಮನೆ ಹಿಂದೆ ಕಸದವರು ಬರುವ ಕಿರುಗಲ್ಲಿ, ಗಾಳಿ ಬೆಳಕು. ಹಳೇ ಮನೆಗಳ ಹಿಂದೆ ಆ ಗಲ್ಲಿ ಈಗಲೂ ಇದೆ, ಸ್ಕೂಟರ್ ನಿಲ್ಲಿಸುತ್ತಾರೆ. ಪ್ಲೇಗಮ್ಮನ ಗುಡಿಗಳೂ ಉಳಿದಿವೆ. ಈಮ್‌ನಲ್ಲಿ ಅಂಥ ಆಚರಣೆ ಏನಾದರೂ ಇದೆಯಾ?

ಪೀಕ್_ಪಯಣಿಗ
ಇದೆ ಅಕ್ಕ. ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ಸಂಡೇ. 1866ರಲ್ಲಿ 200 ವರ್ಷ ತುಂಬಿದಾಗ ಶುರುವಾದದ್ದು. ಮೆರವಣಿಗೆಯಲ್ಲಿ ಕಕ್ಲೆಟ್ ಡೆಲ್ಫ್‌ಗೆ ಹೋಗಿ ಬಯಲಲ್ಲೇ ಪ್ರಾರ್ಥನೆ. ಅದೇ ಹೊತ್ತಿಗೆ ಬಾವಿ ಸಿಂಗಾರವೂ ಇರುತ್ತದೆ. ಮರದ ಹಲಗೆಗೆ ಒದ್ದೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳು, ಎಲೆ, ಬೀಜ ಒಂದೊಂದೇ ಒತ್ತಿ ಚಿತ್ರ ಮಾಡುತ್ತಾರೆ. ನಮ್ಮ ಹೂವಿನ ರಂಗೋಲಿಯನ್ನು ಎತ್ತಿ ನಿಲ್ಲಿಸಿದ ಹಾಗೆ. ಡರ್ಬಿಶೈರ್‌ನ ಬೇರೆ ಊರುಗಳಲ್ಲೂ ಉಂಟು, ಟಿಸಿಂಗ್ಟನ್‌ನದು ಹೆಸರುವಾಸಿ.

ನಾಟಿಂಗ್‌ಹ್ಯಾಂ_ನಾಣಿ
ನಮ್ಮ ಕಡೆಯ ಬಾಲಂಗೋಚಿ ಕೇಳಿ. ಮಾಂಪೆಸನ್ 1669ರಲ್ಲಿ ನಾಟಿಂಗ್‌ಹ್ಯಾಂಶೈರ್‌ನ ಈಕ್ರಿಂಗ್‌ಗೆ ವರ್ಗವಾಗಿ ಬಂದ. ಪ್ಲೇಗ್ ಊರಿನವನು ಅಂತ ಜನ ಒಳಗೇ ಬಿಡಲಿಲ್ಲವಂತೆ. ರಫರ್ಡ್ ತೋಪಿನಲ್ಲಿ ಗುಡಿಸಲಲ್ಲಿದ್ದ, ಊರ ಹೊರಗೆ ಒಂದು ಆಶ್ ಮರದ ಕೆಳಗೆ ಉಪದೇಶ ಮಾಡುತ್ತಿದ್ದ. ರೋಗ ಮುಗಿದು ಮೂರು ವರ್ಷ ಆಗಿತ್ತು. ಇದು ಓದಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಉಣಕಲ್_ಕೆರೆ
ಕೊನೆಗೆ ಅವನೂ ಗುಡಿಸಲಿಗೇ ಬಂದ ನೋಡಿ.

ಕಾಫಿಬೀಜ
ಮುಂದಿನ ತಿಂಗಳು ಅತ್ತೆ ಮಾವನ ಜೊತೆ ಆ ಕಡೆ ಬರುತ್ತಿದ್ದೇವೆ. ಅತ್ತೆಗೆ ಮಂಡಿ ನೋವು. ಏನೇನು ನೋಡಬಹುದು?

ಪೀಕ್_ಪಯಣಿಗ
ಬೀದಿಯಲ್ಲಿ ಇರುವುದನ್ನು ಮೊದಲು ನೋಡಿ, ಅಲ್ಲಿ ನಡಿಗೆ ಕಡಿಮೆ. ಚರ್ಚಿನ ಪಕ್ಕದ ಮನೆಗಳ ಮುಂದೆ ಫಲಕ ಹಾಕಿದ್ದಾರೆ, ಯಾರು ಯಾವತ್ತು ಸತ್ತರು ಅಂತ. ದರ್ಜಿ ಮನೆಯ ಮೇರಿ ಹ್ಯಾಡ್‌ಫೀಲ್ಡ್ ಒಬ್ಬಳೇ ಉಳಿದಳು, 13 ಜನ ಬಂಧುಗಳನ್ನು ಕಳೆದುಕೊಂಡಳು ಅಂತ ಬರೆದಿದೆ. ಮನೆಗಳಲ್ಲಿ ಈಗಲೂ ಜನ ವಾಸ ಇದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ಚರ್ಚ್ ಅಂಗಳದಲ್ಲಿ ಕ್ಯಾಥರೀನ್ ಸಮಾಧಿ, ಅದರ ಹತ್ತಿರ ಎಂಟನೇ ಶತಮಾನದ ಸ್ಯಾಕ್ಸನ್ ಶಿಲುಬೆ, ಚರ್ಚ್ ಗೋಡೆ ಮೇಲೆ 1775ರ ಬಿಸಿಲು ಗಡಿಯಾರ. ಮ್ಯೂಸಿಯಂ ಹಳೇ ಮೆಥಡಿಸ್ಟ್ ಚಾಪೆಲ್‌ನಲ್ಲಿದೆ, ಗಾಳಿ ದಿಕ್ಕು ತೋರಿಸಲು ಮೇಲೆ ಇಲಿ ಕೂರಿಸಿದ್ದಾರೆ.

ಗಡಿಕಲ್ಲು ಸ್ಟೋನಿ ಮಿಡಲ್ಟನ್ ಕಡೆಯ ಹೊಲದ ದಾರಿಯಲ್ಲಿದೆ, ಏರಿಳಿತ ಇದೆ. ಕಲ್ಲಿನಲ್ಲಿ ತೂತುಗಳಿವೆ, ಅಂಚು ಸವೆದು ನುಣುಪಾಗಿದೆ. ಅದರಲ್ಲಿ ವಿನೆಗರ್ ಹೊಯ್ದು ದುಡ್ಡು ಇಡುತ್ತಿದ್ದರು, ಹೊರಗಿನವರು ಸಾಮಾನು ಇಟ್ಟು ದುಡ್ಡು ಒಯ್ಯುತ್ತಿದ್ದರು. ಅತ್ತೆಯವರು ಬೆಂಚಿನ ಮೇಲೆ ಕೂತಿರಲಿ, ನೀವು ಹೋಗಿ ಬನ್ನಿ. ರೈಲಿನಲ್ಲಿ ಬರುವುದಾದರೆ ಗ್ರಿಂಡಲ್‌ಫೋರ್ಡ್‌ನಲ್ಲಿ ಇಳಿದು ಟ್ಯಾಕ್ಸಿ ಮಾಡಿ, ಮಂಡಿ ನೋವಿಗೆ ಆ ಏರು ಆಗುವುದಿಲ್ಲ.

ಉಣಕಲ್_ಕೆರೆ
ತೂತಿನಲ್ಲಿ ಈಗಲೂ ಜನ ಚಿಲ್ಲರೆ ಹಾಕುತ್ತಾರಾ?

ಪೀಕ್_ಪಯಣಿಗ
ಹಾಕುತ್ತಾರೆ ಕಾಕಾ. ವಿನೆಗರ್ ಮಾತ್ರ ಯಾರೂ ತರುವುದಿಲ್ಲ.

ಬರೀ_ಓದುಗ
ಸ್ಯಾನಿಟೈಸರ್ ತಂದಿರುತ್ತಾರೆ ಬಿಡಿ.